ಗಿಟಾರ್ ಆಮೇಲೆ ಕೊಳ್ಳಿ, ಮೊದಲು ತಂತಿ ನೋಡಿ!



ಹಾಡು ಮುಗಿದ ಮೇಲೆ ನಾವು ಯಾರನ್ನು ನೆನೆಯುತ್ತೇವೆ? ಹಾಡಿದವರನ್ನು, ಬರೆದವರನ್ನು, ಸಂಗೀತ ಕೊಟ್ಟವರನ್ನು. ತೆರೆಯ ಮೇಲೆ ತುಟಿ ಆಡಿಸಿದ ಹೀರೋನನ್ನಂತೂ ಬಿಡುವ ಹಾಗೇ ಇಲ್ಲ. ಆದರೆ ಹಾಡು ಶುರುವಾದ ಕೂಡಲೇ ಎದೆಯೊಳಗೆ 'ದುಂ... ದುದುಂ' ಅಂತ ಬಡಿಯುತ್ತಲ್ಲ, ಕಾಲು ತಾನಾಗಿಯೇ ತಾಳ ಹಾಕುತ್ತಲ್ಲ, ಆ ಕೆಲಸ ಮಾಡಿದವನ ಹೆಸರು ಕೇಳುವವರು ಯಾರು? ಅವನೇ ಬೇಸ್ ಗಿಟಾರಿನವನು. ಈ ವಾರದ ಪುಟ ಪೂರ್ತಿ ಅವನಿಗೇ ಮೀಸಲು.

ಕಾರಣ ಇದೆ. ಕನಕಪುರದ ಕಡೆಯ ಒಬ್ಬ ತರುಣ ನನ್ನನ್ನು ಹುಡುಕಿಕೊಂಡು ಬಂದಿದ್ದ. ರಸಮಂಜರಿ ತಂಡದಲ್ಲಿ ಬೇಸ್ ಗಿಟಾರ್ ನುಡಿಸುವ ಹುಡುಗ. 'ಅಣ್ಣಾ, ನನ್ನ ಗಿಟಾರಿಂದ ಹಳೇ ಹಾಡಿನ ಸದ್ದು ಬರ್ತಾನೇ ಇಲ್ಲ. ತಗಡು ಬಡಿದ ಹಾಗೆ ಕೇಳ್ಸುತ್ತೆ. ಫಾರಿನ್ ಗಿಟಾರ್ ತಗೊಂಡ್ರೆ ಸರಿಹೋಗುತ್ತಾ? ಸಾಲ ಕೊಡೋರು ಇದ್ದಾರೆ' ಅಂದ. ಗಿಟಾರಿನ ವಿಷಯಕ್ಕಿಂತ ಸಾಲದ ವಿಷಯ ಕೇಳಿ ನನಗೆ ಕಸಿವಿಸಿಯಾಯಿತು.

ಅವನ ಅವಸರ ಸುಳ್ಳಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆ ಗಣೇಶನ ಹಬ್ಬ, ಊರಹಬ್ಬ, ರಾಜ್ಯೋತ್ಸವ ಬಂತೆಂದರೆ ರಸಮಂಜರಿಗೆ ಬೇಡಿಕೆ. ಆದರೆ ತಂಡ ಕಟ್ಟುವವರ ಲೆಕ್ಕಾಚಾರ ಬೇರೆ. ಕೀಬೋರ್ಡಿನವನು ಎಡಗೈಯಲ್ಲೇ ಬೇಸ್ ಒತ್ತಿಬಿಡುತ್ತಾನೆ. ಇನ್ನೂ ಸುಲಭ ಬೇಕಾದರೆ ಪೆನ್‌ಡ್ರೈವ್‌ನಲ್ಲಿ ಟ್ರ್ಯಾಕ್ ಇದೆ. ಒಬ್ಬನ ಸಂಭಾವನೆ ಉಳಿಯಿತು, ವ್ಯಾನಿನಲ್ಲಿ ಒಂದು ಸೀಟೂ ಉಳಿಯಿತು! ಈ ಹುಡುಗನಿಗೂ ಹಾಗೇ ಹೇಳಿದ್ದರು: 'ಸದ್ದು ಸರಿಮಾಡ್ಕೊ, ಇಲ್ಲಾಂದ್ರೆ ಈ ಹಂಗಾಮಿಗೆ ಕೀಬೋರ್ಡಲ್ಲೇ ನಡೆಸ್ತೀವಿ.'

ಹಾಗಾಗಿ ಪ್ರಶ್ನೆ ಸಂಗೀತದ್ದು ಮಾತ್ರ ಅಲ್ಲ, ಹೊಟ್ಟೆಪಾಡಿನದೂ ಹೌದು. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಿವಿಯಲ್ಲಿ ಕೂತಿರುವ ಆ ಹಳೇ ಬೇಸ್ ನಾದ ಗಿಟಾರಿನ ಬೆಲೆಯಲ್ಲಿ ಇಲ್ಲ. ಮುಕ್ಕಾಲು ಪಾಲು ತಂತಿಯಲ್ಲಿದೆ, ಬೆರಳಲ್ಲಿದೆ. ಹೇಗೆ ಅಂತೀರಾ? ಕೇಳಿ.

ಬಂಡೆ ನಮ್ಮದು, ಸದ್ದು ಮುಂಬಯಿಯದು

ನಮ್ಮ ರಾಮನಗರದ ಬಂಡೆಗಳ ನಡುವೆ 1973ರಲ್ಲಿ ಚಿತ್ರೀಕರಣ ಶುರುವಾಗಿ, 1975ರ ಆಗಸ್ಟ್ 15ರಂದು ತೆರೆಕಂಡ 'ಶೋಲೆ' ಯಾರಿಗೆ ಗೊತ್ತಿಲ್ಲ? ಗಬ್ಬರ್ ಕೂತ ಬಂಡೆ ಯಾವುದು ಅಂತ ಇವತ್ತಿಗೂ ಪ್ರವಾಸಿಗಳು ರಾಮದೇವರ ಬೆಟ್ಟದ ದಾರಿ ಕೇಳುತ್ತಾರೆ. ಆದರೆ ಆ ಚಿತ್ರದ ಸದ್ದು ಇಲ್ಲಿ ಹುಟ್ಟಿದ್ದಲ್ಲ. ಅದು ಮುಂಬಯಿಯ ರೆಕಾರ್ಡಿಂಗ್ ಕೋಣೆಯಲ್ಲಿ ಆರ್.ಡಿ. ಬರ್ಮನ್ ಕಟ್ಟಿದ ಸದ್ದು. ವಿಲಾಯ್ತಿ ರಾಕ್ ಸಂಗೀತದ ಗಿಟಾರು, ಡ್ರಮ್ಮುಗಳನ್ನು ಹಿಂದಿ ಹಾಡಿನೊಳಗೆ ಧೈರ್ಯವಾಗಿ ಕೂರಿಸಿದವರಲ್ಲಿ ಬರ್ಮನ್ ಮುಂದಿನ ಸಾಲಿನವರು. ಅವರ ತಂಡದಲ್ಲಿ ಬೇಸ್ ಗಿಟಾರ್ ಹಿಡಿದವರು ಟೋನಿ ವಾಜ್. ತೆರೆಯ ಮೇಲೆ ಇಂಥವರ ಮುಖ ಕಾಣಲಿಲ್ಲ. ಆದರೆ ಅವರ ನಾಲ್ಕು ತಂತಿ ಮಾತಾಡದಿದ್ದರೆ ಆ ಹಾಡುಗಳಿಗೆ ಬುಡವೇ ಇರುತ್ತಿರಲಿಲ್ಲ.

ಈಗ ಅದೇ ಹಾಡನ್ನು ನಮ್ಮೂರ ವೇದಿಕೆಯಲ್ಲಿ ನುಡಿಸಬೇಕು. ಬಂಡೆ ಇಲ್ಲೇ ಇದೆ. ಸದ್ದು ಮಾತ್ರ ನಾವೇ ಮಾಡಿಕೊಳ್ಳಬೇಕು!

ಸದ್ದು ಹುಟ್ಟುವುದು ಎಲ್ಲಿ?

ಮೊದಲು ಬೇಸ್ ಅಂದರೆ ಆಳೆತ್ತರದ ದೊಡ್ಡ ಪಿಟೀಲು. ನಿಂತುಕೊಂಡೇ ನುಡಿಸಬೇಕು, ಬಸ್ಸಿಗೆ ಹತ್ತಿಸುವ ಹಾಗಿಲ್ಲ. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ 'ಪ್ರಿಸಿಷನ್ ಬೇಸ್' ತಂದರು. ಹೆಗಲಿಗೆ ತಗುಲಿಹಾಕಿಕೊಳ್ಳಬಹುದಾದ, ಗಟ್ಟಿ ಮರದ, ಫ್ರೆಟ್ ಇರುವ ಕರೆಂಟಿನ ಬೇಸ್. ಬ್ರಿಡ್ಜಿನಿಂದ ತಲೆಯ ಕಡೆಯ ನಟ್ಟಿನವರೆಗೆ ತಂತಿಯ ಉದ್ದ 34 ಇಂಚು. ಇವತ್ತಿಗೂ ಬಹುಪಾಲು ಬೇಸ್ ಗಿಟಾರುಗಳಿಗೆ ಅದೇ ಅಳತೆ.

ಅದರೊಳಗಿನ ಮರ್ಮ ಸರಳ. ಉಕ್ಕಿನ ತಂತಿ ಅದುರುತ್ತದೆ. ತಂತಿಯ ಕೆಳಗಿರುವ ಪಿಕಪ್ಪಿನಲ್ಲಿ ಅಯಸ್ಕಾಂತ, ಅದರ ಸುತ್ತ ತಾಮ್ರದ ಸುರುಳಿ. ತಂತಿ ಅದುರಿದಂತೆ ಸುರುಳಿಯಲ್ಲಿ ಕರೆಂಟು ಹುಟ್ಟುತ್ತದೆ, ಆಂಪ್ ಅದನ್ನು ದೊಡ್ಡದು ಮಾಡುತ್ತದೆ. ಎಲ್ಲಕ್ಕಿಂತ ದಪ್ಪನೆಯ ತಂತಿ ಸೆಕೆಂಡಿಗೆ ಸುಮಾರು 41 ಸಲ ಅದುರಿದರೆ, ಸಣ್ಣ ತಂತಿ 98 ಸಲ. ಗಮನಿಸಿ: ಪಿಕಪ್ ಕೇಳಿಸಿಕೊಳ್ಳುವುದು ತಂತಿಯನ್ನು. ಮರದ ಪಾತ್ರ ಆಮೇಲಿನದು. ಚನ್ನಪಟ್ಟಣದ ಗೆಳೆಯರು 'ನಮ್ಮ ಆಲೆ ಮರದಲ್ಲೇ ಗಿಟಾರ್ ಮಾಡಿದ್ರೆ ಹೇಗೆ?' ಅಂತ ತಮಾಷೆ ಮಾಡುತ್ತಾರೆ. ಗೊಂಬೆಗೆ ಸರಿಯಾದ ಮರ ಅದು, ಗಿಟಾರಿಗೆ ಅಗಲವಾದ ಹಲಗೆ ಬೇಕು. ಆದರೂ ಮರದ ಚಿಂತೆ ಕೊನೆಗಿರಲಿ, ಮೊದಲು ತಂತಿ.

ತಂತಿಗಾಗಿ ಗಿಟಾರನ್ನೇ ಕೊಂಡ ಭೂಪ

ತಂತಿಯ ಮಹಿಮೆ ತಿಳಿಯಬೇಕಾದರೆ ಇಂಗ್ಲೆಂಡಿನ 'ದಿ ಹೂ' ರಾಕ್ ತಂಡದ ಜಾನ್ ಎಂಟ್‌ವಿಸಲ್ ಕತೆ ಕೇಳಬೇಕು. 1965ರಲ್ಲಿ ಅವರ 'ಮೈ ಜನರೇಷನ್' ಹಾಡಿನ ಧ್ವನಿಮುದ್ರಣ. ಅದರ ನಡುವೆ ಬೇಸ್ ಗಿಟಾರಿಗೇ ಒಂದು ಬಿಡಿ ತುಣುಕು ಇದೆ. ಆ ಕಾಲಕ್ಕೆ ಅದು ಅಪರೂಪದ ಮರ್ಯಾದೆ. ಎಂಟ್‌ವಿಸಲ್‌ಗೆ ಝಣಝಣ ಅನ್ನುವ ಸದ್ದು ಬೇಕಿತ್ತು. ಡ್ಯಾನ್‌ಎಲೆಕ್ಟ್ರೋ ಅನ್ನುವ ಅಗ್ಗದ ಗಿಟಾರಿನ ತೆಳು ತಂತಿಯಲ್ಲಿ ಅದು ಸಿಗುತ್ತಿತ್ತು. ಆದರೆ ಆ ತಂತಿ ಕಿತ್ತುಹೋಯಿತು. ಅಂಗಡಿಯಲ್ಲಿ ಕೇಳಿದರೆ ಬಿಡಿ ತಂತಿ ಇಲ್ಲ! ಈ ಮಹಾನುಭಾವ ಮಾಡಿದ್ದೇನು ಗೊತ್ತೇ? ತಂತಿಗೋಸ್ಕರ ಇನ್ನೊಂದು ಗಿಟಾರನ್ನೇ ಕೊಂಡರು. ಅದೂ ಕಿತ್ತಿತು, ಮತ್ತೊಂದು ಕೊಂಡರು. ಕೊನೆಗೆ ಅಂಗಡಿಯಲ್ಲಿ ಆ ಗಿಟಾರೇ ಮುಗಿದುಹೋಯಿತು. ಬೇರೆ ದಾರಿ ಕಾಣದೆ ಫೆಂಡರ್ ಬೇಸ್ ಹಿಡಿದು ಆ ತುಣುಕನ್ನು ಮುಗಿಸಿದರು.

ಅಲ್ಲಿಗೆ ಸುಮ್ಮನಾಗಲಿಲ್ಲ. 1966ರಲ್ಲಿ ಇಂಗ್ಲೆಂಡಿನ ರೋಟೋಸೌಂಡ್ ತಂತಿ ಕಂಪನಿಯವರ ಬಳಿ ಕೂತು, ತಮಗೆ ಬೇಕಾದ ಝಣತ್ಕಾರ ನಾಲ್ಕೂ ತಂತಿಯಲ್ಲಿ ಒಂದೇ ಸಮ ಬರುವವರೆಗೂ ಮಾಡಿಸಿದರು. ಪಿಯಾನೋ ತಂತಿಯ ಹಾಗೆ ಮೊಳಗುವ ಆ 'ರೌಂಡ್‌ವೂಂಡ್' ತಂತಿ ರಾಕ್ ಬೇಸಿನ ಸದ್ದನ್ನೇ ಬದಲಾಯಿಸಿತು. ಹೊಸ ಸದ್ದು ಬಂದದ್ದು ಹೊಸ ಗಿಟಾರಿನಿಂದಲ್ಲ ಸ್ವಾಮೀ, ಹೊಸ ತಂತಿಯಿಂದ!

ನುಣುಪು, ಒರಟು

ಈ ರೌಂಡ್‌ವೂಂಡ್ ಅಂದರೇನು? ಬೇಸ್ ತಂತಿ ಒಂಟಿ ತಂತಿಯಲ್ಲ. ಒಳಗೆ ಉಕ್ಕಿನ ಎಳೆ, ಅದರ ಮೇಲೆ ಇನ್ನೊಂದು ಲೋಹವನ್ನು ಒತ್ತಾಗಿ ಸುತ್ತಿರುತ್ತಾರೆ. ರಾಟೆಗೆ ರೇಷ್ಮೆ ಸುತ್ತುವುದನ್ನು ನೋಡಿದ ರಾಮನಗರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸುತ್ತಿದ ಲೋಹ ದುಂಡಗಿದ್ದರೆ ರೌಂಡ್‌ವೂಂಡ್. ಬೆರಳಾಡಿಸಿದರೆ ಗರಗರ ಅನ್ನುತ್ತದೆ. ಸದ್ದು ಚುರುಕು, ಝಣಝಣ, ಬಹಳ ಹೊತ್ತು ನಿಲ್ಲುತ್ತದೆ. ಸುತ್ತಿದ್ದು ಪಟ್ಟಿಯ ಹಾಗೆ ಚಪ್ಪಟೆ ಇದ್ದರೆ 'ಫ್ಲ್ಯಾಟ್‌ವೂಂಡ್'. ಬೆರಳು ಜಾರುತ್ತದೆ. ಸದ್ದು ದುಂಡಗೆ, ಮೆತ್ತಗೆ, 'ದುಂ' ಅಂದು ಬೇಗ ಅಡಗುತ್ತದೆ. ದುಂಡಗೆ ಸುತ್ತಿ ಆಮೇಲೆ ಮೇಲ್ಮೈ ಉಜ್ಜಿ ನುಣ್ಣಗೆ ಮಾಡಿದ ಮೂರನೆಯ ಜಾತಿಯೂ ಇದೆ. ಚನ್ನಪಟ್ಟಣದಲ್ಲಿ ಚರಕಿಗೆ ಕೊಟ್ಟ ಗೊಂಬೆಗೆ ಅರಗು ಹಚ್ಚಿ ಗರಿಯಿಂದ ಉಜ್ಜಿ ಹೊಳಪು ತರುತ್ತಾರಲ್ಲ, ಆ ನುಣುಪೇ ನೆನಪಾಗುತ್ತದೆ.

ಇನ್ನೊಂದು ವ್ಯತ್ಯಾಸ ಮುಖ್ಯ. ಒರಟು ತಂತಿಯ ಸಂದುಗಳಲ್ಲಿ ಬೆವರು, ಕೊಳೆ ಕೂತು ಕೆಲವು ವಾರಗಳಲ್ಲೇ ಸದ್ದು ಮಂಕಾಗುತ್ತದೆ. ನುಣುಪು ತಂತಿಗೆ ಆ ಕಾಟ ಕಡಿಮೆ. ಹಳತಾದಷ್ಟೂ ಅದರ ನಾದ ಇನ್ನಷ್ಟು ಆಳ.

30 ಪೌಂಡಿನ ಗಿಟಾರು, ಬದಲಾಗದ ತಂತಿ

ದೊಡ್ಡವರು ಏನು ಮಾಡಿದರು ನೋಡೋಣ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 1961ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಕೊಂಡ ಹಾಫ್ನರ್ ಬೇಸ್ ಪಿಟೀಲಿನ ಆಕಾರದ್ದು. ಬೆಲೆ ಸುಮಾರು 30 ಪೌಂಡ್. ಕೊಂಡ ಕಾರಣ? ಒಂದು, ಅಗ್ಗ. ಇನ್ನೊಂದು, ಅವರು ಎಡಚರು. ಎರಡೂ ಕಡೆ ಒಂದೇ ಆಕಾರ ಇದ್ದುದರಿಂದ ತಿರುಗಿಸಿ ಹಿಡಿದರೂ ವಿಕಾರ ಕಾಣುತ್ತಿರಲಿಲ್ಲ. ಒಳಗೆ ಟೊಳ್ಳು, ತಂತಿಯ ಉದ್ದವೂ ಚಿಕ್ಕದು, ಸುಮಾರು 30 ಇಂಚು. ಅದಕ್ಕೆ ನುಣುಪು ತಂತಿ. ಆ ಗಿಟಾರು 1972ರಲ್ಲಿ ಕಳವಾಗಿ, ಅರ್ಧ ಶತಮಾನದ ಮೇಲೆ ಒಡೆಯನ ಕೈ ಸೇರಿದ ಸುದ್ದಿ 2024ರ ಫೆಬ್ರವರಿಯಲ್ಲಿ ಹೊರಬಿತ್ತು. ಸಿನಿಮಾ ಕತೆಯಂತಿಲ್ಲವೇ?

ಅಮೆರಿಕದ ಡೆಟ್ರಾಯಿಟ್‌ನ ಮೋಟೌನ್ ಕಂಪನಿಯ ಹಾಡುಗಳಿಗೆ ನುಡಿಸಿದ ಜೇಮ್ಸ್ ಜೇಮರ್ಸನ್ ಅವರದು 1962ರ ಪ್ರಿಸಿಷನ್ ಬೇಸ್. ಅದಕ್ಕೆ ದಪ್ಪನೆಯ ಲಾ ಬೆಲ್ಲಾ ನುಣುಪು ತಂತಿ. ಹಾಕಿದ ತಂತಿಯನ್ನು ಬದಲಾಯಿಸುವ ಗೊಡವೆಗೇ ಹೋಗುತ್ತಿರಲಿಲ್ಲ. ಬ್ರಿಡ್ಜಿನ ಮುಚ್ಚಳದ ಅಡಿ ಸ್ಪಂಜು. ನುಡಿಸುತ್ತಿದ್ದುದು ಬಲಗೈಯ ಒಂದೇ ತೋರುಬೆರಳಲ್ಲಿ! 1983ರಲ್ಲಿ ತೀರಿಹೋದ ಅವರ ಹೆಸರು, ಆ ಹಾಡುಗಳನ್ನು ಕುಣಿದು ಕೇಳಿದವರಲ್ಲಿ ಎಷ್ಟೋ ಮಂದಿಗೆ ಗೊತ್ತೇ ಇರಲಿಲ್ಲ.

'ಅದೆಲ್ಲ ಮೆಲ್ಲನೆಯ ಹಾಡಿಗೆ ಸರಿ, ಗುಡುಗುವ ರಾಕ್‌ಗೆ ಒರಟು ತಂತಿಯೇ ಬೇಕು' ಅನ್ನುತ್ತೀರಾ? ತಾಳಿ. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ತಂಡದ ಕಛೇರಿ ನಡೆಯಿತು. ಕುದುರೆ ಓಟದಂಥ ಬೇಸ್ ಅವರದು. ಆ ಬೇಸಿನ ಸ್ಟೀವ್ ಹ್ಯಾರಿಸ್ ಹಿಡಿಯುವುದು ಪ್ರಿಸಿಷನ್ ಬೇಸ್, ಹಾಕುವುದು ನುಣುಪು ತಂತಿ! ದಪ್ಪವೂ ಕಡಿಮೆಯಲ್ಲ, ಇಂಚಿನ ಸಾವಿರ ಭಾಗದ ಲೆಕ್ಕದಲ್ಲಿ 50ರಿಂದ 110. ಹಾಗಾದರೆ ಆ ಟಣತ್ಕಾರ ಎಲ್ಲಿಂದ? ಬೆರಳಿನಿಂದ. ತಂತಿ ಫ್ರೆಟ್ಟಿಗೆ ಬಡಿಯುವಷ್ಟು ಬಲವಾಗಿ ನುಡಿಸುತ್ತಾರೆ. ನುಣುಪು ತಂತಿ ಜೇಮರ್ಸನ್ ಬೆರಳಿಗೆ ಸಿಕ್ಕಿದರೆ ಒಂದು ನಾದ, ಹ್ಯಾರಿಸ್ ಬೆರಳಿಗೆ ಸಿಕ್ಕಿದರೆ ಇನ್ನೊಂದು.

ನಮ್ಮ ಹಾಡಿಗೆ ಯಾವ ತಂತಿ?

ಈಗ ಮನೆಗೆ ಬನ್ನಿ. 'ಬಂಗಾರದ ಮನುಷ್ಯ'ಕ್ಕೆ ಸಂಗೀತ ಕೊಟ್ಟ ಜಿ.ಕೆ. ವೆಂಕಟೇಶ್ ಅವರೇ 1978ರ 'ಆಪರೇಷನ್ ಡೈಮಂಡ್ ರಾಕೆಟ್'ನಲ್ಲಿ ರಾಜಣ್ಣನ ಕಂಠದಿಂದ ಇಂಗ್ಲಿಷ್ ಹಾಡು ಹಾಡಿಸಿದವರು. ಅವರ ಬಳಿ ಗಿಟಾರ್ ನುಡಿಸುತ್ತಾ, ಸಹಾಯಕನಾಗಿ ದುಡಿದು ಪಳಗಿದವರೇ ಇಳಯರಾಜಾ. 1976ರ ತಮಿಳು 'ಅನ್ನಕ್ಕಿಳಿ'ಯಿಂದ ಸ್ವತಂತ್ರರಾದ ಅವರು, ನಮಗೆ 1981ರಲ್ಲಿ ಶಂಕರ್‌ನಾಗ್ ಅವರ 'ಗೀತಾ' ಕೊಟ್ಟರು, 1983ರಲ್ಲಿ ಮಣಿರತ್ನಂ ಅವರ ಮೊದಲ ಚಿತ್ರ 'ಪಲ್ಲವಿ ಅನುಪಲ್ಲವಿ' ಕೊಟ್ಟರು. ಅವರ ತಂಡದ ಬೇಸ್ ಗಿಟಾರ್ ವಾದಕ ಶಶಿಧರನ್.

ಈ ಹಾಡುಗಳಲ್ಲಿ ಬೇಸ್ ಬರೀ ತಾಳ ಹಿಡಿದು ಮೂಲೆಯಲ್ಲಿ ಕೂರುವುದಿಲ್ಲ. ಹಾಡುವವರ ಕೆಳಗೆ ತಾನೂ ಒಂದು ರಾಗ ಹಾಡುತ್ತಾ ಹೋಗುತ್ತದೆ. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಇದು ಸಿಗುವುದಿಲ್ಲ, ಒಳ್ಳೆ ಹೆಡ್‌ಫೋನ್ ಹಾಕಿ ಕೇಳಿ. ಒಂದೊಂದು ಸ್ವರವೂ ದುಂಡಗೆ ಹುಟ್ಟಿ, ಮುಂದಿನ ಸ್ವರಕ್ಕೆ ಜಾಗ ಬಿಟ್ಟು ಸರಿಯುತ್ತದೆ. ಝಣಝಣ ಇಲ್ಲ, ಗೊರಗೊರ ಇಲ್ಲ. ವೇದಿಕೆಯ ಮೇಲೆ ಆ ಗುಣ ಬೇಕಾದರೆ ನುಣುಪು ತಂತಿಯ ದಾರಿಯೇ ಹತ್ತಿರ.

ಚನ್ನಪಟ್ಟಣದ ಶೆಡ್ಡಿನಲ್ಲಿ

ಇಷ್ಟೆಲ್ಲ ಬಾಯಿಮಾತಾಗಬಾರದು ಅಂತ ಆ ಹುಡುಗನನ್ನು ಚನ್ನಪಟ್ಟಣಕ್ಕೆ ಕರೆಸಿದೆ. ಅಲ್ಲಿ ಒಂದು ಶೆಡ್ಡಿನಲ್ಲಿ ಅವರ ತಂಡದ ತಾಲೀಮು. ಹಳೆಯ ಆರ್ಕೆಸ್ಟ್ರಾ ಕಾಲದ ಬೇಸ್ ಮೇಷ್ಟ್ರೊಬ್ಬರು ಜೊತೆಗೆ ಬಂದರು. ಗಿಟಾರ್ ಕೈಗೆ ತಗೊಂಡು ತಂತಿಯ ಮೇಲೆ ಹೆಬ್ಬೆರಳು ಎಳೆದರು. ಬೆರಳು ಕೆಂಪಾಯಿತು. ತುಕ್ಕು!

'ಯಾವಾಗ ಹಾಕಿದ್ದೋ ಮಗಾ ಈ ತಂತಿ?'

'ಗಿಟಾರ್ ಜೊತೇಲೇ ಬಂದಿದ್ದು ಮೇಷ್ಟ್ರೇ. ನಾಲ್ಕು ವರ್ಷ ಆಯ್ತು.'

'ನಾಲ್ಕು ವರ್ಷಕ್ಕೆ ಎಮ್ಮೆ ಹಗ್ಗಾನೂ ಬದಲಾಯಿಸ್ತಾರಲ್ಲೋ!'

ಬೆಂಗಳೂರಿನಿಂದ ತರಿಸಿದ್ದ ನುಣುಪು ತಂತಿಯ ಸೆಟ್ಟನ್ನು ಮೇಷ್ಟ್ರು ಒಂದೊಂದಾಗಿ ಏರಿಸಿದರು. ಬ್ರಿಡ್ಜಿನ ಹತ್ತಿರ ತಂತಿಯ ಕೆಳಗೆ ಪಾತ್ರೆ ಉಜ್ಜುವ ಸ್ಪಂಜಿನ ಒಂದು ತುಂಡು ತುರುಕಿದರು. ಟೋನ್ ತಿರುಗಣೆಯನ್ನು ಅರ್ಧಕ್ಕೆ ಇಳಿಸಿದರು. 'ಪಿಕ್ ಬಿಸಾಕು, ಬೆರಳಲ್ಲಿ ನುಡಿಸು. ಕತ್ತಿನ ಕಡೆಗೆ ಸರಿ' ಅಂದರು. 'ಗೀತಾ'ದ ಯುಗಳಗೀತೆ ಶುರುವಾಯಿತು. ನಾಲ್ಕು ಸಾಲು ಆಗಿರಲಿಲ್ಲ, ಕೀಬೋರ್ಡಿನ ಹುಡುಗ ಎಡಗೈ ಎತ್ತಿಬಿಟ್ಟ. 'ಅಣ್ಣಾ, ಕ್ಯಾಸೆಟ್ಟಲ್ಲಿ ಕೇಳ್ದಂಗೇ ಐತೆ!'

ಪವಾಡ ಅಂತ ತಿಳಿಯಬೇಡಿ. ದಪ್ಪ ತಂತಿಯ ಎಳೆತಕ್ಕೆ ಗಿಟಾರಿನ ಕತ್ತು ಸ್ವಲ್ಪ ಬಾಗಿತು, ಒಳಗಿನ ಕಂಬಿಯನ್ನು ತಿರುಗಿಸಿ ಸರಿಮಾಡಬೇಕಾಯಿತು. ಹೊಸ ಕುಣಿತದ ಹಾಡುಗಳಿಗೆ ಆ ತಂಡದವರು ಇನ್ನೂ ಕೀಬೋರ್ಡನ್ನೇ ನಂಬಿದ್ದಾರೆ. ಆದರೆ ತಂಡ ನಡೆಸುವವರು ಅಂದದ್ದು ಇಷ್ಟು: 'ಹಳೇ ಹಾಡಿಗೆಲ್ಲ ಇವನೇ ಇರ್ಲಿ.' ರಸಮಂಜರಿಯಲ್ಲಿ ಹಳೇ ಹಾಡು ಅಂದರೆ ಅರ್ಧ ರಾತ್ರಿ! ಹುಡುಗ ಸಾಲದ ಮಾತು ಬಿಟ್ಟ.

ಗಿಟಾರ್ ಹಿಡಿದವರು ಗಮನಿಸಿ

ನಿಮಗೂ ಬೇಕಾದರೆ ಇಷ್ಟು ನೆನಪಿಡಿ.

ಮೊದಲು ಹಾಡು ತೀರ್ಮಾನ ಮಾಡಿ, ಆಮೇಲೆ ತಂತಿ. ಹಳೆಯ ಚಿತ್ರಗೀತೆ, ಬೀಟಲ್ಸ್ ಬಗೆಯ ನಾದಕ್ಕೆ ನುಣುಪು ತಂತಿ. ಎಂಟ್‌ವಿಸಲ್ ಬಗೆಯ ಝಣತ್ಕಾರಕ್ಕೆ ಹೊಸ ಒರಟು ತಂತಿ, ಟೋನ್ ಪೂರ್ತಿ ತೆರೆದು, ಬ್ರಿಡ್ಜಿನ ಕಡೆ ಕೈಯಿಟ್ಟು ನುಡಿಸಿ.

ಗಿಟಾರ್ ಕೊಳ್ಳಲೇಬೇಕಾದರೆ ಪ್ರಿಸಿಷನ್ ಮಾದರಿಯದು ಸಾಕು. ಹೆಸರು ದೊಡ್ಡದಿರಬೇಕಿಲ್ಲ. ಕತ್ತು ನೆಟ್ಟಗಿದೆಯೇ, 12ನೇ ಫ್ರೆಟ್ಟಿನಲ್ಲಿ ಒತ್ತಿದ ಸ್ವರ ಬಿಡಿ ತಂತಿಯ ಸ್ವರಕ್ಕೆ ಸರಿಯಾಗಿ ಮೇಲಿನ ಸ್ಥಾಯಿಯಲ್ಲಿ ಕೂರುತ್ತದೆಯೇ ನೋಡಿ.

ತಂತಿ ಕೇಳುವಾಗ ಅಳತೆ ಹೇಳಿ. 34 ಇಂಚಿನ ಗಿಟಾರಿಗೆ 'ಲಾಂಗ್ ಸ್ಕೇಲ್', ಹಾಫ್ನರ್ ಮಾದರಿಯ ಗಿಡ್ಡ ಗಿಟಾರಿಗೆ 'ಶಾರ್ಟ್ ಸ್ಕೇಲ್'. 45ರಿಂದ 105 ದಪ್ಪದ ಸೆಟ್ಟು ಸಾಮಾನ್ಯ ಗಿಟಾರಿಗೆ ಹೊಂದುತ್ತದೆ.

ನಾಲ್ಕನ್ನೂ ಒಮ್ಮೆಲೇ ಬಿಚ್ಚಬೇಡಿ. ಹೆಚ್ಚುವರಿ ತುದಿ ಕತ್ತರಿಸುವ ಮುನ್ನ ತಂತಿಯನ್ನು ಒಮ್ಮೆ ಬಾಗಿಸಿ, ಇಲ್ಲದಿದ್ದರೆ ಸುತ್ತು ಬಿಚ್ಚಿಕೊಳ್ಳುತ್ತದೆ. ಕತ್ತಿನ ಕಂಬಿಯನ್ನು ತಿಳಿದವರ ಕೈಲೇ ತಿರುಗಿಸಿ, ಅದೂ ಕಾಲು ಸುತ್ತಿನ ಮೇಲೆ ಬೇಡ.

ಒರಟು ತಂತಿ ಮಂಕಾಗಿದೆ, ಕೈಲಿ ದುಡ್ಡಿಲ್ಲವೇ? ಬಿಚ್ಚಿ ಕುದಿಯುವ ನೀರಿನಲ್ಲಿ ಕೆಲವು ನಿಮಿಷ ಹಾಕಿ, ಒರೆಸಿ ಚೆನ್ನಾಗಿ ಒಣಗಿಸಿ. ಕೊಳೆ ಬಿಟ್ಟು ಕೆಲವು ದಿನದ ಮಟ್ಟಿಗೆ ಸದ್ದು ಚುರುಕಾಗುತ್ತದೆ. ತುಕ್ಕು ಹಿಡಿದ ತಂತಿಗೆ ಮಾತ್ರ ಈ ವೈದ್ಯ ನಡೆಯದು. ಪ್ರತಿ ಕಾರ್ಯಕ್ರಮ ಮುಗಿದ ಮೇಲೆ ಒಣಬಟ್ಟೆಯಲ್ಲಿ ತಂತಿ ಒರೆಸಿ, ಅದಕ್ಕೆ ಕಾಸೂ ಬೇಡ.

ನುಣುಪು ತಂತಿ ಅಗ್ಗವಲ್ಲ, ಸಾವಿರಗಳ ಮಾತು. ಆದರೆ ವರ್ಷಗಟ್ಟಲೆ ಬಾಳುತ್ತದೆ. ಫಾರಿನ್ ಗಿಟಾರಿನ ಸಾಲಕ್ಕೆ ಬಡ್ಡಿ ಕಟ್ಟುವುದಕ್ಕಿಂತ ಇದು ಮೇಲಲ್ಲವೇ?

ಕೊನೆಗೆ ರಸಿಕರಿಗೊಂದು ಮಾತು. ಮುಂದಿನ ಸಲ ನಿಮ್ಮೂರಲ್ಲಿ ರಸಮಂಜರಿ ನಡೆದಾಗ ಗಾಯಕರಿಗೆ ಶಿಳ್ಳೆ ಹೊಡೆಯಿರಿ, ಬೇಡ ಅನ್ನುವುದಿಲ್ಲ. ಆಮೇಲೆ ಒಂದು ಕ್ಷಣ ಡ್ರಮ್ಮಿನ ಪಕ್ಕ ಕಣ್ಣು ಹಾಯಿಸಿ. ನಾಲ್ಕು ತಂತಿಯ ಗಿಟಾರ್ ಹಿಡಿದು, ಸದ್ದಿಲ್ಲದೆ ತಲೆ ಆಡಿಸುತ್ತಾ ನಿಂತವನೊಬ್ಬ ಇದ್ದರೆ, ಅವನ ಹೆಸರು ಕೂಗಿ ಇನ್ನೊಂದು ಶಿಳ್ಳೆ ಹಾಕಿ. ತಂಡ ನಡೆಸುವವರ ಕಿವಿಗೆ ಅದು ಬಿದ್ದರೆ ಅವನ ಸೀಟು ಉಳಿಯುತ್ತದೆ.